ಉಂಗುಷ್ಟ

ಸ್ವಾರಗೇಟ್ ಡಿಪೋದ ಹಿಂದಿನ ಗೇಟು,
ಬೇವಿನ ಬುಡ, ಗೋಣಿತಾಟು, ನಾನು.
ಇಪ್ಪತ್ತಾರು ವರ್ಷದಾಗ ಮಂದಿ ಮಾರಿ ನೋಡಿದ್ದು ಕಡಿಮಿ,
ನೋಡಿದ್ದೆಲ್ಲಾ ಅಟ್ಟಿ.
ಚಪ್ಪಲಿ ಮಗುಚಿ ಹಾಕಿದರ ಅಟ್ಟಿ ಸುಳ್ಳು ಹೇಳೂದಿಲ್ಲ:
ಇಂವಗ ಮಣಕಾಲು ಬ್ಯಾನಿ, ಎಡಕ್ಕ ವಾಲ್ತಾನ.
ಈಕಿ ಬಸುರಿ, ಮನಿಯಾಗ ಇನ್ನೂ ಹೇಳಿಲ್ಲ.

ಸುಲಭಾ ಢಮಢೇರೆ, ಕಾತ್ರಜ ಬಸ್ಸಿನ ಕಂಡಕ್ಟರ್,
'ಅಂಗಠಾ ಗೇಲಾ, ಸಾಯಬಣ್ಣಾ' ಅಂತ
ಎಡಗಾಲಿಂದು ಬಿಚ್ಚಿ ಒಗದ್ಲು.
ನಮ್ಮ ಮಾತಿನಾಗ ಉಂಗುಷ್ಟ.
ಆಕಿ ಭಾಷಿಯೊಳಗೂ ನನ್ನ ಭಾಷಿಯೊಳಗೂ
ಕಾಲಿಗೂ ಚಪ್ಪಲಿಗೂ ಒಂದ ಹೆಸರು.

ಮಗುಚಿ ನೋಡಿದೆ.
ಹೊರಗಿನ ಅಂಚು ಸವದು ಎಲಿಯಷ್ಟು ತೆಳ್ಳಗ.
ಹೆಬ್ಬೆರಳು ಊರೂ ಜಾಗ ಮಾತ್ರ
ಅಂಗಡಿಯಿಂದ ತಂದ ದಿನದ ಹಂಗ ಹೊಸಾದು,
ಕಂಪನಿ ಹೆಸರು ಸೈತ ಓದಬಹುದು.
ಎರಡು ವರ್ಷದ ಚಪ್ಪಲಿ!

'ಬಾಯೀ, ಇದಕ್ಕ ಹೊಲಿಗಿ ಹಾಕ್ತೀನಿ,
ಆದರ ಹರದದ್ದು ಇದಲ್ಲ.
ನಿಮ್ಮ ಬೆರಳು ನೆಲಾ ಮುಟ್ಟೂದು ಬಿಟ್ಟು
ಭಾಳ ದಿನಾ ಆಗ್ಯದ.'

ಆಕಿ ನಕ್ಕಳು. ಆಮ್ಯಾಲ ನಗಲಿಲ್ಲ.
ಬ್ರೇಕ್ ಹಾಕಿದಾಗೆಲ್ಲ ಕಂಬಿ ಹಿಡದು ತುಟಿ ಕಚ್ಚೂದು,
ಚಪಾತಿ ಲಟ್ಟಿಸುವಾಗ ಒಂದ ಕಾಲ ಮ್ಯಾಲ ನಿಲ್ಲೂದು,
ಗಣಪತಿ ಮುಳುಗಿಸೂ ಮೆರವಣಿಗಿಯೊಳಗ
ಕುಣಿಯದ ಹೋದ ಆರು ವರ್ಷ,
ಎಲ್ಲಾ ಬೇವಿನ ಬುಡಕ್ಕ ಸುರವಿದ್ಲು,
ಡ್ಯೂಟಿ ಮುಗದು ಚಿಲ್ಲರಿ ಸುರವಿದಂಗ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡದು ಎರಡು ದಾರಿ ಹೇಳಿದರಂತ.
ಒಂದು, ಎರಡೂ ಎಲುಬು ಬೆಸದು ಸ್ಕ್ರೂ ಜಡಿಯೂದು:
ನೋವು ಹೋಗ್ತದ, ಮಣಿಯೂದೂ ಹೋಗ್ತದ.
ಇನ್ನೊಂದು, ಸವದ ಕೀಲು ತಗದು ಹೊಸಾ ಕೀಲು ಕೂಡಿಸೂದು:
ಮಣೀತದ, ಆದರ ಅದೂ ಒಂದಿನ ಸವೀತದ.
'ನೀ ಏನಂತೀ?' ಅಂತ ನನ್ನ ಕೇಳಿದ್ಲು.

ನಾ ಏನನ್ನಲಿ?
ನನ್ನ ಉಂಗುಷ್ಟ ನನ್ನ ಮೂರನೇ ಕೈ.
ದಾರದ ತುದಿ ಅದಕ್ಕ ಸುತ್ತಿ ಜಗ್ಗಿ ಮೇಣ ಹಚ್ಚತೀನಿ,
ತೊಗಲು ಅದರಡಿ ಒತ್ತಿ ಉಳಿ ಆಡಸ್ತೀನಿ.
ಮುಂಜಾನೆದ್ದರ ಅದೂ ಈಗ ಕಟ್ ಅಂತದ.
ಯಾರಿಗೂ ತೋರಿಸಿಲ್ಲ.
ಹೊಲಿಗಿ ಭಾಳ ಬಿಗದರ ನಡಿಯುವಾಗ ಚುಚ್ಚತದ,
ಸಡಲ ಬಿಟ್ಟರ ಲಗೂನ ಹರೀತದ.
ನನಗ ಗೊತ್ತಿದ್ದದ್ದು ಇಷ್ಟ. ಇಷ್ಟ ಹೇಳಿದೆ.

ಶ್ರಾವಣದಾಗ ಆಕಿ ರಜಾ ಹಾಕಿದ್ಲು.
ಬ್ಯಾರೆ ಹುಡುಗ ಆ ಬಸ್ಸಿನ ಗಂಟಿ ಜಗ್ಗತಿದ್ದ,
ಭಾಳ ಲಗೂ ಜಗ್ಗತಿದ್ದ, ಮುದುಕರು ಹತ್ತೂದರೊಳಗ.

ಸಂಕ್ರಾಂತಿ ಆದಮ್ಯಾಲ ಬಂದ್ಲು.
ಬೆರಳಿನ ಮ್ಯಾಲ ಒಂದು ಗೆರಿ,
ನಾ ಹಾಕೂದಕ್ಕಿಂತ ಸಣ್ಣ ಹೊಲಿಗಿ.
ಯಾರ ಕೈಯೋ, ಕಸಬು ಬಲ್ಲ ಕೈ.
ಮೊದಲಿಗೆ ಸೀಸದ ಗುಂಡು ಕಟ್ಟಿದಂಗಿತ್ತಂತ,
ನೆಲದ ಮ್ಯಾಲ ಟಾವೆಲ್ಲು ಹಾಸಿ
ಕಾಲಬೆರಳಿಂದ ಮುದುಡಿ ಮುದುಡಿ ಎಳೀಬೇಕಂತ,
ಅತಗೋತ ಎಳದ್ಲಂತ.
'ಪೂರಾ ಮಣಿಯೂದಿಲ್ಲ' ಅಂದ್ಲು. 'ಅರ್ಧಾ. ಅರ್ಧಾ ಸಾಕು.'

ಮಳಿಗಾಲದಾಗ ಅದ ಚಪ್ಪಲಿ ಮತ್ತ ತಂದ್ಲು.
ಮಗುಚಿ ನೋಡಿದೆ.
ಕಂಪನಿ ಹೆಸರು ಅಳಿಸಿತ್ತು.
ಹೆಬ್ಬೆರಳಿನ ಜಾಗದಾಗ
ಎರಡು ರೂಪಾಯಿ ನಾಣ್ಯದಷ್ಟು ತಗ್ಗು.

ಕೆಸರು ಒರಸಿ ಇನ್ನೊಮ್ಮೆ ನೋಡಿದೆ.
ಸವದೈತಿ ಅಂತ ಮಂದಿ ಬೈಯೂದು ದಿನಾ ಕೇಳ್ತೀನಿ,
ಸವದದ್ದು ನೋಡಿ ಶಾಬಾಸ್ ಅಂದದ್ದು
ಇದೊಂದ ಸಲ.

'ತೇಪಿ ಹಾಕಲೇನು?'
'ಬ್ಯಾಡ. ಉಂಗುಷ್ಟ ಅಷ್ಟ ಹೊಲಿ.'
ಹೊಲದೆ. ಇಪ್ಪತ್ತು ಅಂದೆ.
ಹದಿನೈದು ಎಣಿಸಿ ಕೊಟ್ಲು,
ಐದಕ್ಕ ಚಿಲ್ಲರಿ ಇಲ್ಲ ಅಂದ್ಲು,
ಚೀಲದ ತುಂಬ ಚಿಲ್ಲರಿ ಇಟಗೊಂಡು.

ಬಸ್ಸು ಹೊಂಟಿತ್ತು.
ಓಡಿದ್ಲು.